ಸರಿದ ಅಂಗುಲ

ನಮ್ಮೂರಿನ ಸಂತೆಯಲ್ಲಿ ಹಣ್ಣಿನ ಅಂಗಡಿಗಳ ಮುಂದೆ ಹಾಯುವಾಗ ಜನ ಆಕಾಶ ನೋಡಿಕೊಂಡು ನಡೆಯುತ್ತಾರೆ. ಒಂದು ಮಾವಿನಹಣ್ಣನ್ನು ಮನಸ್ಸಿಟ್ಟು ನೋಡಿದಿರೋ, ಅದು ಗುಡ್ಡೆಯಿಂದ ಜಾರಿ ನಿಮ್ಮ ಕಡೆಗೆ ಹೊರಟುಬಿಡುತ್ತದೆ. ಹಾಗೆ ತಾನಾಗಿ ಬಂದು ಕಾಲಿಗೆ ತಾಗಿದ ಹಣ್ಣನ್ನು ಕೊಳ್ಳಲೇಬೇಕೆಂಬುದು ಇಲ್ಲಿನ ಕಟ್ಟಳೆ. ತೊಟ್ಟಿಲಿಗೆ ನಾವು ಎರಡೂ ಕಡೆ ಹಗ್ಗ ಬಿಗಿಯುತ್ತೇವೆ, ಅಡುಗೆಮನೆಯಲ್ಲಿದ್ದ ತಾಯಿ ಕೂಸಿನ ಕಡೆಗೇ ಕಿವಿ ಇಟ್ಟಿದ್ದರೆ ಅದು ಒಲೆಯತನಕ ಬಂದುಬಿಡಬಾರದಲ್ಲ. ಮದುವೆಯಲ್ಲಿ ಮದುಮಗಳ ಕುರ್ಚಿಗೆ ಮರಳಿನ ಚೀಲ ಕಟ್ಟುತ್ತಾರೆ. ಅಧಿಕಾರಿಗಳ ಕುರ್ಚಿಗಂತೂ ನೆಲದಲ್ಲಿ ಬೋಲ್ಟು. ಬೋಲ್ಟಿನ ದಪ್ಪ ನೋಡಿ ಅಧಿಕಾರಿಯ ದೊಡ್ಡಸ್ತಿಕೆ ಅಳೆಯಬಹುದು. ಗಮನ ಎಂದರೆ ಲಕ್ಷ್ಯ ಎಂದೂ ಅರ್ಥ, ಹೋಗುವುದು ಎಂದೂ ಅರ್ಥ. ಬೇರೆ ಊರಿನವರಿಗೆ ಅವು ಎರಡು ಅರ್ಥ, ನಮಗೆ ಒಂದೇ.

ಇಂಥ ಊರಿನ ಕಾಲೇಜಿನಲ್ಲಿ ನಾನು ನರವಿಜ್ಞಾನ ಕಲಿಸುತ್ತೇನೆ. ಹೆಸರು ವಾರಿಜಾ. ಮಿದುಳಿನಲ್ಲಿ ಗಮನ ಹೇಗೆ ಹುಟ್ಟುತ್ತದೆ, ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೇಗೆ ಹಾರುತ್ತದೆ ಎಂಬುದೇ ನನ್ನ ಸಂಶೋಧನೆ. ಈ ಮಾತು ಎತ್ತಿದರೆ ನನಗೆ ಊಟ ನಿದ್ರೆ ಯಾವುದೂ ಬೇಡ. ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಮಿದುಳಿನ ಚಿತ್ರ ಬರೆದು ತೋರಿಸಿ, ಇಳಿಯಬೇಕಾದ ನಿಲ್ದಾಣ ತಪ್ಪಿಸಿಕೊಂಡದ್ದು ಒಂದೆರಡು ಸಲವಲ್ಲ.

ನನ್ನ ಪ್ರಯೋಗಾಲಯ ಕಾಲೇಜಿನ ಹಿತ್ತಿಲಲ್ಲಿದೆ, ಮೊದಲು ಅದು ಸೈಕಲ್ ಸ್ಟ್ಯಾಂಡ್ ಆಗಿತ್ತು. ಅಲ್ಲೊಂದು ಗಾಜಿನ ಮೇಜು, ಮೇಜಿನ ಮೇಲೊಂದು ಗೋಲಿ. ಎದುರಿನ ಸ್ಟೂಲಿನಲ್ಲಿ ಕೂತವರ ತಲೆಗೆ ಮೂವತ್ತೆರಡು ತಂತಿಗಳ ಟೋಪಿ. ಅವರು ಮನಸ್ಸಿಟ್ಟು ನೋಡಿದರೆ ಗೋಲಿ ಅವರ ಕಡೆಗೆ ಉರುಳುತ್ತದೆ. ಅದು ಉರುಳುವ ಒಂದು ಚಿಟಿಕೆ ಮೊದಲೇ ಮಿದುಳಿನ ಹಿಂಭಾಗದಲ್ಲಿ ಪುಟ್ಟ ಅಲೆಯೊಂದು ಏಳುತ್ತದೆ. ಆ ಅಲೆಯನ್ನು ಮೊದಲು ಹಿಡಿದವಳು ನಾನು! ಹಿಡಿದ ದಿನ ಟೋಪಿ ತೊಟ್ಟು ಕೂತಿದ್ದವನು ನಮ್ಮ ಕಾಲೇಜಿನ ಸಿಪಾಯಿ ಯಮನಪ್ಪ. ಅವನನ್ನು ತಂತಿಗಳ ಸಮೇತ ಅಂಗಳಕ್ಕೆ ಎಳೆದುಕೊಂಡು ಹೋಗಿ ಕುಣಿದಿದ್ದೆ. ಐವತ್ತು ದಾಟಿದ ಆ ಮನುಷ್ಯ ಪಾಪ, ಏನು ಎತ್ತ ತಿಳಿಯದೆ ತಾನೂ ನಾಲ್ಕು ಹೆಜ್ಜೆ ಕುಣಿದ.

ಒಂದೇ ಒಂದು ಕಿರಿಕಿರಿ ಇತ್ತು. ಪ್ರಯೋಗ ಮಾಡುವಾಗ ಎದುರು ಕೂತವರ ಸ್ಟೂಲು ಮೆಲ್ಲಮೆಲ್ಲಗೆ ನನ್ನ ಕಡೆಗೆ ಬರುತ್ತಿತ್ತು. ನೆಲ ಇಳಿಜಾರಾಗಿದೆ ಎಂದುಕೊಂಡು ಯಮನಪ್ಪನಿಂದ ಅದರ ಕಾಲುಗಳಿಗೆ ಮೊಳೆ ಹೊಡೆಸಿದೆ. ನನ್ನ ಮೊದಲ ಪ್ರಬಂಧದ ಅಡಿಟಿಪ್ಪಣಿಯಲ್ಲಿ 'ಸ್ಟೂಲಿನ ದೋಷವನ್ನು ನಿವಾರಿಸಲಾಗಿದೆ' ಎಂದು ಬಲು ಠೀವಿಯಿಂದ ಬರೆದಿದ್ದೇನೆ. ಆ ಸಾಲು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಸಂಶೋಧನೆಯ ಕಥೆ ಇದಾದರೆ ಪಾಠದ ಕಥೆ ಬೇರೆ. ನಮ್ಮಲ್ಲಿ ಅಧ್ಯಾಪಕರು ಮಣೆಯ ಮೇಲೆ ನಿಂತು ಪಾಠ ಮಾಡಬೇಕು. ನುಣುಪಾದ ಫರಸಿ ಕಲ್ಲಿನ ನೆಲದ ಮೇಲೊಂದು ಸುಣ್ಣದ ಗೆರೆ, ಗೆರೆಗೆ ತಾಗಿಸಿ ಮಣೆ, ಮಣೆಯ ಮೇಲೆ ನಾವು. ಹುಡುಗರು ಕಿವಿಗೊಟ್ಟು ಕೇಳಿದರೆ ಮಣೆ ಅವರ ಕಡೆಗೆ ಸರಿಯುತ್ತದೆ. ಗಂಟೆ ಹೊಡೆದ ಮೇಲೆ ಯಮನಪ್ಪ ಟೇಪು ಹಿಡಿದು ಬಂದು ಗೆರೆಯಿಂದ ಮಣೆಯವರೆಗೆ ಅಳೆಯುತ್ತಾನೆ. ವರ್ಷಕ್ಕೊಮ್ಮೆ ಒಂದು ಫಾರ್ಮು. ಅದರಲ್ಲಿ ಹೆಸರು, ವಿಷಯ, ಆಮೇಲೆ ಒಂದೇ ಒಂದು ಕಾಲಮ್ಮು: 'ಅಧ್ಯಾಪಕರು ಸರಿದ ಅಂಗುಲ'. ಬಡ್ತಿ, ಕೋಣೆ, ಕೋಣೆಗೊಂದು ಕಿಟಕಿ, ಎಲ್ಲವೂ ಆ ಕಾಲಮ್ಮಿನಿಂದಲೇ ಇಳಿದು ಬರಬೇಕು. ಯಾರಿಗೆ ಮಣೆ ಹಾಕಬೇಕೆಂಬುದನ್ನು ನಮ್ಮ ಕಾಲೇಜು ಮಣೆಯಿಂದಲೇ ತೀರ್ಮಾನಿಸುತ್ತದೆ.

ನಮ್ಮ ವಿಭಾಗದ ಹಿರಿಯ ಪ್ರೊಫೆಸರ್ ಗಲಗಲಿಯವರು ದಿನವೂ ಒಂಬತ್ತು ಅಂಗುಲ ಸರಿಯುತ್ತಾರೆ. ಹಾಡುತ್ತಾರೆ, ಮಿಮಿಕ್ರಿ ಮಾಡುತ್ತಾರೆ, ಪ್ರಿನ್ಸಿಪಾಲರ ನಡಿಗೆ ತೋರಿಸುತ್ತಾರೆ. ಹುಡುಗರು ನಕ್ಕು ಸುಸ್ತಾಗಿ ಹೊರಗೆ ಬರುತ್ತಾರೆ. ಏನು ಕಲಿತಿರಿ ಎಂದು ಕೇಳಿದರೆ ಇನ್ನೊಮ್ಮೆ ನಗುತ್ತಾರೆ. ನಾನೋ, ಹನ್ನೆರಡು ವರ್ಷಗಳಲ್ಲಿ ಸೊನ್ನೆ. ಅರ್ಧ ಅಂಗುಲ ಎಂದು ಸುಳ್ಳು ಬರೆಯೋಣವೆಂದರೂ ಮಣೆ ಗೆರೆ ಬಿಟ್ಟು ಕದಲಿರುತ್ತಿರಲಿಲ್ಲ. ದುಃಖವಾಗಲಿಲ್ಲ ಎಂದರೆ ಸುಳ್ಳಾದೀತು. ಮನೆಯಲ್ಲಿ ನಿಲುವುಗನ್ನಡಿಯ ಮುಂದೆ ನಿಂತು ಪಾಠದ ಅಭ್ಯಾಸ ಮಾಡಿದೆ; ಕನ್ನಡಿ ನನ್ನ ಕಡೆ ಸರಿದು ಬಂದು ಹಣೆಗೆ ಬಡಿಯಿತು, ಅಷ್ಟೇ.

ನನ್ನ ಪಾಠದ ರೀತಿಯೂ ಹಾಗೇ. ನಾನು ಹೇಳುವುದು ಕಡಿಮೆ, ಕೇಳುವುದು ಜಾಸ್ತಿ. ಒಂದು ಪ್ರಶ್ನೆ ಹಾಕಿ ಕಾಯುತ್ತೇನೆ. ಉತ್ತರ ಹೊಳೆಯುವ ಮುನ್ನ ಹುಡುಗರ ಹುಬ್ಬು ಗಂಟಾಗುವುದು, ತುಟಿ ಅಲುಗುವುದು, ಕಣ್ಣು ಚಾವಣಿಯ ಮೂಲೆಗೆ ಹೋಗಿ ವಾಪಸಾಗುವುದು, ಇದನ್ನೆಲ್ಲ ನೋಡುತ್ತಾ ನಿಂತರೆ ನನಗೆ ಮೈಯೆಲ್ಲ ರೋಮಾಂಚನ. ಎದುರಿಗೇ ಒಂದು ಮಿದುಳು ಕೆಲಸ ಮಾಡುತ್ತಿದೆ, ಟೋಪಿ ಇಲ್ಲದೆ, ತಂತಿ ಇಲ್ಲದೆ! ಮೂರನೆಯ ಬೆಂಚಿನ ಮಹಾನಂದಾ ಎಂಬ ಹುಡುಗಿಯ ಉತ್ತರ ಬರುವಷ್ಟರಲ್ಲಿ ಚಹಾ ಕುಡಿದು ಬರಬಹುದೆಂದು ಗಲಗಲಿಯವರು ಗೇಲಿ ಮಾಡುತ್ತಿದ್ದರು. ನಾನು ಚಹಾಕ್ಕೆ ಹೋಗುತ್ತಿರಲಿಲ್ಲ. ಅವಳ ಉತ್ತರ ತಡವಾಗಿ ಬಂದರೂ ಬಂದಾಗ ತೂಕವಾಗಿರುತ್ತಿತ್ತು.

ಆ ವರ್ಷ ಹೊಸ ನಿಯಮ ಬಂತು. ಹತ್ತು ವರ್ಷ ಮೀರಿಯೂ ಒಂದು ಅಂಗುಲ ಸರಿಯದ ಅಧ್ಯಾಪಕರ ಪಾಠವನ್ನು ಸಮಿತಿ ಬಂದು ನೋಡುವುದು. ಅಂದೂ ಸರಿಯದಿದ್ದರೆ ಅವರನ್ನು ದಫ್ತರದ ಗುಮಾಸ್ತಿಕೆಗೆ ಕಳಿಸಿ ಪ್ರಯೋಗಾಲಯ ಮುಚ್ಚುವುದು. ಹತ್ತು ವರ್ಷ ಮೀರಿದ ಸೊನ್ನೆ ಇಡೀ ಕಾಲೇಜಿನಲ್ಲಿ ನಾನೊಬ್ಬಳೇ. ಸಮಿತಿಯ ಅಧ್ಯಕ್ಷರು ತೊರಗಲ್ಲ ಸರ್. ನಿವೃತ್ತರು, ಒಂದೇ ಕ್ಲಾಸಿನಲ್ಲಿ ಹದಿನೆಂಟು ಅಂಗುಲ ಸರಿದ ಅವರ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ. ಆ ದಿನದ ಮಣೆಗೆ ಚೌಕಟ್ಟು ಹಾಕಿಸಿ ಪ್ರಿನ್ಸಿಪಾಲರ ಕೋಣೆಯಲ್ಲಿ ತೂಗುಹಾಕಿದ್ದಾರೆ. ಅವರು ಬರುವುದು ಬರುವ ಗುರುವಾರ ಎಂದು ಹಿಂದಿನ ಶುಕ್ರವಾರ ನೋಟೀಸು ಕೈಗೆ ಬಂತು. ಗೋಲಿ, ಟೋಪಿ, ಹನ್ನೆರಡು ವರ್ಷದ ಅಲೆಗಳ ಕಾಗದ, ಎಲ್ಲಕ್ಕೂ ಉಳಿದದ್ದು ಆರು ದಿನ.

ಆ ಸಂಜೆ ಖಾಲಿ ತರಗತಿಯಲ್ಲಿ ನೋಟೀಸು ಹಿಡಿದು ಕೂತಿದ್ದೆ. ಯಮನಪ್ಪ ಬೆಂಚುಗಳನ್ನು ಸರಿಮಾಡಲು ಬಂದ. ನನ್ನ ಮುಖ ನೋಡಿ ಪೊರಕೆ ಗೋಡೆಗೆ ಆನಿಸಿದ.

"ಅಕ್ಕೋರ, ಒಂದ್ ಮಾತ್ ಹೇಳ್ತೇನ್ರಿ, ಸಿಟ್ಟಾಗಬ್ಯಾಡ್ರಿ. ನೀವು ದಫ್ತರಕ್ಕ ಹೋದ್ರ ನನಗ ಭಾಳ ಬ್ಯಾಸರ ಆಗ್ತೈತಿ. ಆದ್ರ ನನ್ನ ನಡಕ್ಕ ಮಾತ್ರ ಆರಾಮ ಆಗ್ತೈತಿ ನೋಡ್ರಿ."

"ನಿನ್ನ ನಡಕ್ಕ ಏನಾಗೇತಿ ಯಮನಪ್ಪಾ?"

"ಏನಾಗೇತಿ ಅಂತ ಕೇಳ್ತೀರಲ್ರೀ! ನಿಮ್ಮ ಕ್ಲಾಸ್ ಮುಗದ ಮ್ಯಾಲೆ ಇವನ್ನೆಲ್ಲಾ ಹಿಂದಕ್ಕ ದೂಡಾಂವ ಯಾರು? ಗಲಗಲಿ ಸರ್ ಕ್ಲಾಸಿನ್ಯಾಗ ಒಂದ್ ಬೆಂಚ್ ಮಿಸುಕೂದಿಲ್ರಿ. ನಿಮ್ಮ ಕ್ಲಾಸ್ ಆತಂದ್ರ ಎಲ್ಲಾ ಮುಂದ ಬಂದು ಕುಂತಿರ್ತಾವು. ನಿಮ್ಮ ಹುಡುಗ್ರು ಭಾಳ ಒದ್ದಾಡ್ತಾರ ಅನಸ್ತೈತ್ರಿ. ಹನ್ನೆರಡ್ ವರ್ಷ ಆತು, ದೂಡಿ ದೂಡಿ ನನ್ನ ನಡಾ ಬಿದ್ದ ಹೋತು."

ನಾನು ನೆಲ ನೋಡಿದೆ. ಬೆಂಚುಗಳ ಸಾಲಿಗೆಂದು ಕೆಂಪು ಬಣ್ಣದ ಗುರುತು ಇತ್ತು. ಮೊದಲ ಬೆಂಚಿನ ಕಾಲು ಗುರುತಿನಿಂದ ನಾಲ್ಕು ಬೆರಳು ಮುಂದಿತ್ತು. ಎರಡನೆಯದು ನಾಲ್ಕು. ಮಹಾನಂದಾಳ ಬೆಂಚು ಒಂದು ಗೇಣು! ಫರಸಿಯ ಮೇಲೆ ವರ್ಷಗಟ್ಟಲೆ ಎಳೆದಾಡಿದ ಬಿಳಿಯ ಗೀರುಗಳು, ಎಲ್ಲವೂ ನನ್ನ ಮಣೆಯ ಕಡೆಗೆ. ಸ್ಟೂಲು! ಇಳಿಜಾರಲ್ಲದ ನೆಲದಲ್ಲಿ ನನ್ನ ಕಡೆಗೇ ಬರುತ್ತಿದ್ದ ಸ್ಟೂಲು!

"ಯಮನಪ್ಪಾ, ಟೇಪ್ ತಾ! ಲಗೂನ ತಾ!" ಎಂದು ಕೂಗಿದೆ. ನನ್ನ ದನಿಗೆ ಅವನು ಹೌಹಾರಿ ಓಡಿದ.

ಹಗ್ಗಜಗ್ಗಾಟವೆಂದರೆ ಎಲ್ಲರಿಗೂ ಗೊತ್ತು. ಎರಡೂ ಕಡೆಯವರು ಎಳೆಯುತ್ತಾರೆ, ಹೆಚ್ಚು ಎಳೆದವರು ನಿಂತಲ್ಲೇ ನಿಲ್ಲುತ್ತಾರೆ, ಉಳಿದವರು ಜಾರಿ ಬರುತ್ತಾರೆ. ಹುಡುಗರು ನನ್ನ ಮಾತಿಗೆ ಕಿವಿಗೊಡುತ್ತಿರಲಿಲ್ಲವೆಂದಲ್ಲ; ನಾನು ಅವರಿಗೆ ಅದಕ್ಕಿಂತ ಹೆಚ್ಚು ಕಿವಿಗೊಡುತ್ತಿದ್ದೆ. ಸರಿದದ್ದು ಬೆಂಚು. ಅದು ನನಗೇ ಕಾಣಲಿಲ್ಲ, ಏಕೆಂದರೆ ನನ್ನ ಕಣ್ಣು ಅವರ ಮುಖದ ಮೇಲಿತ್ತು, ಬೆಂಚಿನ ಕಾಲಿನ ಮೇಲಲ್ಲ. ಅವರಿಗೂ ಕಾಣಲಿಲ್ಲ, ಬೆಂಚಿನ ಮೇಲೆ ಕೂತವರಿಗೆ ಬೆಂಚು ಸರಿದದ್ದು ಹೇಗೆ ತಿಳಿದೀತು? ಇನ್ನು ಆ ಫಾರ್ಮು ಬರೆದವರು! ಅಧ್ಯಾಪಕರು ಹುಡುಗರ ಕಡೆಗೂ ಲಕ್ಷ್ಯ ಕೊಟ್ಟಾರು ಎಂಬ ಯೋಚನೆ ಆ ಪುಣ್ಯಾತ್ಮರಿಗೆ ಬರಲೇ ಇಲ್ಲ. ಗಮನದ ಮೇಲೆ ಏಳು ಪ್ರಬಂಧ ಬರೆದ ನನಗಾದರೂ ಬಂತೇ? ಸಾಕ್ಷಿಗೆ ನಾನೇ ಮೊಳೆ ಹೊಡೆಸಿ ಕೂತಿದ್ದೆ.

ಶನಿವಾರ, ಸೋಮವಾರ, ಮಂಗಳವಾರ ಮೂರು ದಿನ ಅಳೆದೆವು. ಬೆಂಚುಗಳು ಸರಾಸರಿ ನಾಲ್ಕು, ಐದು, ಐದೂಕಾಲು ಅಂಗುಲ. ಗಲಗಲಿಯವರ ಕ್ಲಾಸಿನ ನಂತರವೂ ಯಮನಪ್ಪ ಕಳ್ಳನಂತೆ ನುಗ್ಗಿ ಅಳೆದು ಬಂದ: ಬೆಂಚು ಸೊನ್ನೆ. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಬುಧವಾರ ಬೆಳಿಗ್ಗೆಯೇ ಅಂಕಿಗಳನ್ನೆಲ್ಲ ಅಂದವಾಗಿ ಬರೆದುಕೊಂಡು ತೊರಗಲ್ಲ ಸರ್ ಹತ್ತಿರ ಓಡಿದೆ. ಕಾಲೇಜಿನ ಅತಿಥಿಗಳ ಕೋಣೆಯಲ್ಲಿ, ದಪ್ಪ ಬೋಲ್ಟು ಹಾಕಿದ ಕುರ್ಚಿಯಲ್ಲಿ ಅವರು ಕೂತಿದ್ದರು. ಪಕ್ಕದಲ್ಲಿ, ವಿಭಾಗದ ಪರವಾಗಿ ಸಮಿತಿಯಲ್ಲಿದ್ದ ಗಲಗಲಿಯವರು.

ತೊರಗಲ್ಲ ಸರ್ ಕಾಗದವನ್ನು ಪೂರ್ತಿ ಓದಿ ಮಡಚಿ ನನ್ನ ಕೈಗೇ ಕೊಟ್ಟರು. "ಫಾರ್ಮಿನ್ಯಾಗ ಬೆಂಚಿನ ಕಾಲಮ್ ಎಲ್ಲೈತ್ರಿ ಮೇಡಂ?"

"ಇಲ್ರಿ ಸರ್. ಅದಕ್ಕಽ ಕೇಳಾಕ ಬಂದೀನಿ. ಒಂದ್ ಸಲ ಅಳದು ನೋಡ್ರಿ, ಅಷ್ಟಽ."

"ಕಾಲಮ್ ಇಲ್ಲದ್ದನ್ನ ಅಳದು ಎಲ್ಲಿ ಬರೀಲಿ? ನನ್ನ ಅಂಗೈ ಮ್ಯಾಲೆ ಬರಕೊಳ್ಳಲ್ಯಾ?"

ಗಲಗಲಿಯವರು ಹೊಟ್ಟೆ ಹಿಡಿದು ನಕ್ಕರು. ನಕ್ಕು ಮುಗಿಸಿ, "ಸರ್, ನಾಳೆ ಹುಡುಗ್ರು ಬೇಕಂತ ಬೆಂಚ್ ದೂಡಿ ಆಟಾ ಹೂಡ್ಯಾರು. ಎಲ್ಲಾ ಬೆಂಚಿಗೂ ಬೋಲ್ಟ್ ಹಾಕಿಸಿಬಿಡೂದು ಚಲೋ," ಎಂದರು. ಅಧ್ಯಕ್ಷರು ತಲೆಯಾಡಿಸಿದರು. ಮಧ್ಯಾಹ್ನವೇ ಆದೇಶ ಬಂತು, ಸಂಜೆಗೆ ಕೆಲಸ ಮುಗಿಯಿತು. ಬೋಲ್ಟು ಹಾಕಿದವನು ಯಮನಪ್ಪನೇ. ಒಂದೊಂದು ಬೋಲ್ಟು ಬಿಗಿಯುವಾಗಲೂ ನನ್ನ ಕಡೆ ನೋಡದೆ ಮುಖ ತಿರುಗಿಸುತ್ತಿದ್ದ. ಸ್ಟೂಲಿಗೆ ನಾನು ಮಾಡಿದ್ದನ್ನೇ ಈಗ ಬೆಂಚಿಗೆ ಅವರು ಮಾಡಿದ್ದರು, ಯಾರನ್ನು ಬೈಯಲಿ?

ಗುರುವಾರ ಹನ್ನೊಂದು ಗಂಟೆಗೆ ಮಣೆ ಹತ್ತಿದೆ. ಹುಡುಗರೆಲ್ಲ ಬೋಲ್ಟು ಬಿಗಿದ ಬೆಂಚುಗಳಲ್ಲಿ ತಾವೂ ಬಿಗಿಯಾಗಿ ಕೂತಿದ್ದರು. ಬೆಂಚುಗಳ ನಡುವಿನ ಓಣಿಯ ತುದಿಯಲ್ಲಿ, ಹಿಂದಿನ ಗೋಡೆಗೆ ಆನಿಸಿ ಎರಡು ಬೆತ್ತದ ಕುರ್ಚಿ. ಒಂದರಲ್ಲಿ ತೊರಗಲ್ಲ ಸರ್, ಇನ್ನೊಂದರಲ್ಲಿ ಗಲಗಲಿ. ಅಧ್ಯಕ್ಷರು ಕೋಟು ಬಿಚ್ಚಿ ತಲೆಯ ಹಿಂದಿನ ಗೋಡೆಯ ಮೊಳೆಗೆ ತೂಗುಹಾಕಿ, ತೊಡೆಯ ಮೇಲೆ ಫಾರ್ಮು ಇಟ್ಟುಕೊಂಡರು.

ಬಿಳಿ ಪರದೆಯ ಮೇಲೆ ಅಂಕಿಗಳು ಒಂದರ ಹಿಂದೊಂದು ಸರಸರನೆ ಓಡುವಂತೆ ಮಾಡಿದೆ. ನಡುವೆ ಎರಡೇ ಎರಡು ಅಕ್ಷರಗಳು ಬಂದು ಹೋಗುತ್ತವೆ, ಏನೆಂದು ಹೇಳಬೇಕು ಎಂದೆ. ಎಲ್ಲರೂ 'ಮ' ಎಂದರು. ಎರಡನೆಯದು ಯಾರಿಗೂ ಕಾಣಲಿಲ್ಲ. ನಿಧಾನ ಮಾಡಿ ತೋರಿಸಿದೆ: ಮ, ಅದರ ಬೆನ್ನಿಗೇ 'ಸಿ'. ಇಡೀ ತರಗತಿ ಹೋ ಎಂದಿತು. ಈ ಆಟ ನಾನು ನೂರು ಸಲ ಆಡಿಸಿದ್ದೇನೆ, ನೂರು ಸಲವೂ ನನಗೆ ಹೊಸದೇ. ಕಣ್ಣು ತೆರೆದೇ ಇದೆ, ಅಕ್ಷರ ಎದುರಿಗೇ ಇದೆ, ಆದರೂ ಕಾಣುವುದಿಲ್ಲವಲ್ಲ!

"ಯಾಕ ಕಾಣಲಿಲ್ಲ?" ಎಂದು ಕೇಳಿ ಕಾದೆ.

ಮಹಾನಂದಾಳ ಹುಬ್ಬು ಗಂಟಾಯಿತು. ಗಲಗಲಿಯವರು ಗಡಿಯಾರ ನೋಡಿಕೊಂಡರು. ನನಗೆ ಸಮಿತಿ ಮರೆತುಹೋಗಿತ್ತು, ದಫ್ತರ ಮರೆತುಹೋಗಿತ್ತು. ಅವಳ ತುಟಿ ಅಲುಗಿತು, ನಿಂತಿತು, ಮತ್ತೆ ಅಲುಗಿತು. "ಒಂದನ್ನ ಹಿಡಕೊಂಡಾಗ... ಇನ್ನೊಂದಕ್ಕ ಕೈ ಖಾಲಿ ಇರೂದಿಲ್ರಿ," ಎಂದಳು. ನನಗೆ ಚಪ್ಪಾಳೆ ತಟ್ಟಬೇಕೆನಿಸಿತು, ತಟ್ಟಿಯೇಬಿಟ್ಟೆ.

ಆಗ ಹಿಂದೆ ಕೂತ ತೊರಗಲ್ಲ ಸರ್ ಮುಖ ಕಂಡಿತು. ಅವರೂ ಹುಬ್ಬು ಗಂಟಿಕ್ಕಿ ಪರದೆ ನೋಡುತ್ತಿದ್ದರು. ಅಲ್ಲೊಂದು ಮಿದುಳು ಕೆಲಸ ಮಾಡುತ್ತಿತ್ತು! ತಡೆದುಕೊಳ್ಳಲಾಗಲಿಲ್ಲ. "ಸರ್, ನಿಮಗ ಎಷ್ಟು ಅಕ್ಷರ ಕಂಡುವು?"

"ಒಂದಽ," ಎಂದರು ಒರಟಾಗಿ.

"ಎರಡನೇದು ಯಾಕ ತಪ್ಪಿತು ಅಂತ ನಿಮಗ ಅನಸ್ತೈತ್ರಿ?"

ಗದರಿಸಲೆಂದು ಅವರು ಬಾಯಿ ತೆರೆದರು, ಮುಚ್ಚಿದರು. ನಾನು ಕಾದೆ. ಅವರು ಪರದೆ ನೋಡಿದರು, ಹುಡುಗರನ್ನು ನೋಡಿದರು, ತಮ್ಮ ಬೆರಳುಗಳನ್ನು ನೋಡಿಕೊಂಡರು. ನಾನು ಕಾಯುತ್ತಲೇ ಇದ್ದೆ, ಅವರ ಮುಖ ಬಿಟ್ಟು ಈ ಲೋಕದಲ್ಲಿ ನನಗೆ ಬೇರೇನೂ ಕಾಣುತ್ತಿರಲಿಲ್ಲ.

"ಮೊದಲನೇದು ಸಿಕ್ತಲ್ಲಾ ಅಂತ ಖುಷಿಯೊಳಗ ಇದ್ದೆ," ಎಂದರು ಮೆಲ್ಲಗೆ. ಸುಮ್ಮನಾದರು. ಮುಗಿಯಿತೆಂದು ಎಲ್ಲರೂ ಅಂದುಕೊಂಡರು, ನಾನು ಅಂದುಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರೇ ಮುಂದುವರಿಸಿದರು. "ಇಪ್ಪತ್ತೆಂಟು ವರ್ಷ ಪಾಠ ಮಾಡೀನಿ ಮೇಡಂ. ಮಣಿ ಎಷ್ಟ ಸರೀತು ಅನ್ನೂದರ ಮ್ಯಾಲೇ ನನ್ನ ಲಕ್ಷ್ಯ. ಎದುರಿಗೆ ಯಾರ್ ಕುಂತಿದ್ರು... ಒಂದ್ ಮುಖಾನೂ ನೆನಪಿಲ್ಲ ನನಗ."

ಅಷ್ಟರಲ್ಲಿ ಗಂಟೆ ಹೊಡೆಯಿತು.

ಯಮನಪ್ಪ ಟೇಪು ಹಿಡಿದು ಬಂದು ನನ್ನ ಕಾಲ ಬಳಿ ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ. "ಸೊನ್ನಿ ರೀ," ಎಂದ, ತನ್ನ ತಪ್ಪೆಂಬಂತೆ. ಗಲಗಲಿಯವರು ಎದ್ದು ಬೆಂಚುಗಳ ಬೋಲ್ಟು ಮುಟ್ಟಿ ನೋಡಿ, "ಇವೂ ಸೊನ್ನಿ," ಎಂದು ನಕ್ಕರು. ತೊರಗಲ್ಲ ಸರ್ ಕಾಲಮ್ಮಿನಲ್ಲಿ ದುಂಡಗೆ ಒಂದು ಸೊನ್ನೆ ಬರೆದರು. ಹನ್ನೆರಡು ವರ್ಷ ಆ ಸೊನ್ನೆಯೊಂದಿಗೇ ಬಾಳಿದ್ದೇನೆ, ಆದರೂ ಅದರ ಗೆರೆ ಸುತ್ತಿ ಬಂದು ಕೂಡಿಕೊಂಡಾಗ ನನ್ನ ಕಣ್ಣು ಮಂಜಾಯಿತು. ಗೋಲಿಯನ್ನಾದರೂ ಮನೆಗೆ ಒಯ್ಯಲು ಬಿಟ್ಟಾರೇ ಎಂದು ಯೋಚಿಸಿದೆ.

ಅಧ್ಯಕ್ಷರು ಕೂತಲ್ಲಿಂದಲೇ, ತಿರುಗಿ ನೋಡದೆ, ಕೋಟಿಗೆಂದು ಹಿಂದಕ್ಕೆ ಕೈ ಚಾಚಿದರು. ಕೈ ಗಾಳಿಯಲ್ಲಿ ತಡಕಾಡಿತು. ಇನ್ನಷ್ಟು ಚಾಚಿದರು. ಬೆರಳಿಗೆ ಏನೂ ತಾಗಲಿಲ್ಲ. ತಿರುಗಿ ನೋಡಿದರು. ಗೋಡೆ ದೂರದಲ್ಲಿತ್ತು. ಕೋಟು ಮೊಳೆಯಲ್ಲಿ ನೇತಾಡುತ್ತಿತ್ತು. ಪಕ್ಕದ ಗಲಗಲಿಯವರ ಕುರ್ಚಿ ಗೋಡೆಗೆ ಅಂಟಿಕೊಂಡೇ ಇತ್ತು, ಇವರದ್ದು ಮಾತ್ರ ಓಣಿಯಲ್ಲಿ ಮುಂದೆ ಬಂದು ನಿಂತಿತ್ತು.

"ಯಮನಪ್ಪಾ," ಎಂದರು ಗಲಗಲಿಯವರು, ನಗು ಬತ್ತಿಹೋಗಿ. "ಈ ಕುರ್ಚಿಗೆ ಬೋಲ್ಟ್ ಯಾಕ ಹಾಕಿಲ್ಲ?"

"ಬೆಂಚಿಗೆ ಹಾಕು ಅಂದಿದ್ರಿ, ಹಾಕೇನಿ. ಇದು ಕುರ್ಚಿ ಅಲ್ರೀ ಸರ್?" ಎಂದ ಯಮನಪ್ಪ, ಹಾಲಿನಂಥ ಮುಖ ಮಾಡಿಕೊಂಡು.

ತೊರಗಲ್ಲ ಸರ್ ಇಬ್ಬರ ಮಾತೂ ಕೇಳಿಸಿಕೊಳ್ಳಲಿಲ್ಲ. ಗೋಡೆ ನೋಡಿದರು, ತಮ್ಮ ಕುರ್ಚಿಯ ಕಾಲು ನೋಡಿದರು, ಆಮೇಲೆ ನನ್ನನ್ನು ನೋಡಿದರು, ಬಹಳ ಹೊತ್ತು. ಫಾರ್ಮನ್ನು ಮತ್ತೆ ತೊಡೆಯ ಮೇಲೆ ಹರಡಿದರು. ನಾನು ಮಣೆಯಿಂದ ಇಳಿದು ಹತ್ತಿರ ಹೋದೆ, ಹುಡುಗರೂ ಸುತ್ತ ನೆರೆದರು. ಅವರು ಸೊನ್ನೆಯನ್ನು ಮುಟ್ಟಲಿಲ್ಲ. ಪೆನ್ನಿನ ಮೊನೆಯನ್ನು ಮೇಲಕ್ಕೆ, ಅಚ್ಚಾದ ಸಾಲಿನ ಮೇಲಕ್ಕೆ ಒಯ್ದರು. 'ಸರಿದ' ಎಂಬಲ್ಲಿ ರಿ ಮತ್ತು ದ ನಡುವೆ ಒಂದು ಪುಟ್ಟ ಗುರುತು ಹಾಕಿ ಅದರ ಮೇಲೆ ಒಂದೇ ಒಂದು ಅಕ್ಷರ ಬರೆದರು. ಸಿ.

'ಅಧ್ಯಾಪಕರು ಸರಿಸಿದ ಅಂಗುಲ.'

"ಆಗ ಇದು ಕಾಣಲಿಲ್ಲ ನೋಡ್ರಿ ನನಗ," ಎಂದರು. ಅವರ ದನಿ ಒದ್ದೆಯಾಗಿತ್ತು. ಆಮೇಲೆ ಸೊನ್ನೆಗೆ ಅಡ್ಡಗೆರೆ ಎಳೆದು, ಪೆನ್ನು ಎತ್ತಿ ಹಿಡಿದು ಕಾದರು.

ಯಮನಪ್ಪ ಆಗಲೇ ಗೋಡೆಗೆ ಟೇಪಿನ ತುದಿ ಒತ್ತಿ ಹಿಡಿದಿದ್ದ. ಬಿದ್ದುಹೋದ ನಡವನ್ನು ಮರೆತು ಮಂಡಿಯೂರಿ, ಕುರ್ಚಿಯ ಕಾಲಿನವರೆಗೆ ಟೇಪು ಎಳೆದು, ಕಣ್ಣು ಕಿರಿದು ಮಾಡಿ ಓದಿ, ಕಾಲೇಜಿನ ಗೇಟಿನತನಕ ಕೇಳುವಂತೆ ಕೂಗಿದ:

"ಹನ್ನೊಂದೂವರಿ ರೀ ಅಕ್ಕೋರ! ಹನ್ನೊಂದೂವರಿ!"